ರಬ್ಬರ್ ಶೀಟಿಗೆ ಹೊಗೆ ಹಾಕುವ ಬಗೆ

ಕಾರ್ಖಾನೆಯ ಕುಲುಮೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಸರಕು ಈ ಬಾಗಿಲಲ್ಲಿ ಹೊಕ್ಕು ಆ ಬಾಗಿಲಲ್ಲಿ ಹೊರಬರುತ್ತಲೇ ಇರುತ್ತದೆ. ಇನ್ನೊಂದನ್ನು ಒಮ್ಮೆಗೇ ತುಂಬಿ, ಮುಚ್ಚಿ, ಕಾಯಿಸಿ, ಆದ ಮೇಲೆ ಖಾಲಿ ಮಾಡಬೇಕು. ಪುತ್ತೂರು, ಸುಳ್ಯ, ಕಡಬದ ರಬ್ಬರ್ ತೋಟಗಳ ಹೊಗೆಗೂಡು ಈ ಎರಡನೆಯ ಜಾತಿಯದು. ಉಕ್ಕು ಹದ ಮಾಡುವ ಕುಲುಮೆ 800 ಡಿಗ್ರಿ ದಾಟಿದರೆ, ಇದು 60 ದಾಟಬಾರದು. ಹೊಸಬರು ಎಡವುವುದು ಇಲ್ಲೇ.

1. ಮೆಷಿನಿಗೆ ಕೊಟ್ಟ ಶೀಟನ್ನು ತೊಳೆದು, ನೆರಳಲ್ಲಿ ಎರಡು ಮೂರು ಗಂಟೆ ನೀರಿಳಿಸಿ. ದಪ್ಪ 3 ಮಿಲಿಮೀಟರಿನ ಆಸುಪಾಸು ಇರಲಿ. ಮೇಲಿನ ಗೆರೆಗಳು ಅಂದಕ್ಕಲ್ಲ. ಗಾಳಿ ತಾಗುವ ಮೈ ಹೆಚ್ಚಲಿ, ಒಂದಕ್ಕೊಂದು ಅಂಟದಿರಲಿ ಎಂದು.

2. ಬಿದಿರಿನ ಗಳಗಳ ಮೇಲೆ ನಡುವೆ ಜಾಗ ಬಿಟ್ಟು ಹಾಕಿ. ದಿನಾ ರಬ್ಬರ್ ಹಾಲು ಬರುವಾಗ ಗೂಡನ್ನು ಒಂದೇ ಸಲ ತುಂಬುವುದು ಸಣ್ಣ ತೋಟದವರಿಗೆ ಆಗದ ಮಾತು. ಹಸಿ ಶೀಟು ಸೇರಿಸಲೇಬೇಕಾದರೆ ಬೇರೆ ಸಾಲಿನಲ್ಲಿ ಹಾಕಿ. ಅದರ ನೀರು ಒಣಗಿದ್ದರ ಮೇಲೆ ತೊಟ್ಟಿಕ್ಕಬಾರದು.

3. ಒಲೆ ಹೊರಗಿರಲಿ, ಹೊಗೆ ಕೊಳವೆಯಲ್ಲಿ ಒಳಬರಲಿ. ಅದರ ಬಾಯಿಯ ಮೇಲೆ ತಗಡು ಕಡ್ಡಾಯ. ಒಂದು ಶೀಟು ಜಾರಿ ಕೆಂಡದ ಬಿಸಿಗೆ ಬಿದ್ದರೆ ಗೂಡೇ ಉರಿದುಹೋಗುತ್ತದೆ. ರಬ್ಬರ್ ಕಟ್ಟಿಗೆ, ತೆಂಗಿನ ಸಿಪ್ಪೆ, ಗೆರಟೆ ಸಾಕು.

4. ಮೊದಲ ದಿನ 40ರಿಂದ 45 ಡಿಗ್ರಿ, ಮೇಲಿನ ಗಾಳಿಕಿಂಡಿ ತೆರೆದೇ ಇರಲಿ, ನೀರಾವಿ ಹೋಗಬೇಕು. ಮರುದಿನ 50ರವರೆಗೆ, ಆಮೇಲೆ ಕಿಂಡಿ ಕಿರಿದಾಗಿಸಿ 55–60. ಅವಸರಪಟ್ಟು ಮೊದಲ ದಿನವೇ ಬೆಂಕಿ ಏರಿಸಿದರೆ ಒಳಗಿನ ನೀರು ಗುಳ್ಳೆಯಾಗಿ ಏಳುತ್ತದೆ. ಆ ಶೀಟಿನ ದರ್ಜೆ ಅಲ್ಲಿಗೇ ಇಳಿಯಿತು. ಕೈ ತಾಗಿಸಿ ಅಂದಾಜು ಮಾಡುವ ಅನುಭವಿಗಳಿದ್ದಾರೆ, ನೀವು ಥರ್ಮಾಮೀಟರನ್ನೇ ನಂಬಿ.

5. ನಾಲ್ಕೈದು ದಿನ ಕಳೆದ ಮೇಲೆ ಶೀಟನ್ನು ಬೆಳಕಿಗೆ ಹಿಡಿಯಿರಿ. ಜೇನಿನ ಬಣ್ಣಕ್ಕೆ ತಿರುಗಿ ಬೆಳಕು ಹಾಯ್ದರೆ ಆಯಿತು. ಬಿಳಿ ಮಚ್ಚೆ ಕಂಡರೆ ಒಳಗಿನ್ನೂ ನೀರಿದೆ, ಮತ್ತೊಂದು ದಿನ ಹೊಗೆಯಲ್ಲೇ ಇರಲಿ.

ಬಿಸಿಲಿನಲ್ಲಿ ಒಣಗಿಸಿದರಾಗದೇ ಎಂದು ಕೇಳುವವರಿದ್ದಾರೆ. ಆಟಿ ತಿಂಗಳ ಮಳೆಯಲ್ಲಿ ಬಿಸಿಲೆಲ್ಲಿದೆ? ಹೊಗೆಯಲ್ಲಿರುವ ಫೀನಾಲ್ ಅಂಶ ಬೂಸ್ಟು ಬರದಂತೆಯೂ ತಡೆಯುತ್ತದೆ. ಇಳಿಸಿದ ಶೀಟನ್ನು ಬೂದಿ, ಮಸಿ ಒರೆಸಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಪೇರಿಸಿಡಿ.