ಸ್ಮಾರ್ಟ್‌ಫೋನಿನ ಮೆಮೊರಿ ಐಸಿ ಬದಲಾವಣೆ: ತಾಲ್ಲೂಕು ಕೇಂದ್ರಗಳ ರಿಪೇರಿ ಅಂಗಡಿಗಳಿಗೆ ಅಭ್ಯಾಸ ಲೇಖನ

ಭೌಗೋಳಿಕ ಸೂಚಿಕೆ ಪಡೆದಿರುವ ಇಂಡಿಯ ಲಿಂಬೆಯ ವ್ಯಾಪಾರಸ್ಥರಿರಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅಡತಿ ಅಂಗಡಿಗಳವರಿರಲಿ, ಮಾಲಿನ ಚಿತ್ರ, ದರದ ಸಂದೇಶ, ಯುಪಿಐ ಪಾವತಿಯ ದಾಖಲೆ ಇವೆಲ್ಲವೂ ಇಂದು ಕೈಯಲ್ಲಿನ ಫೋನಿನಲ್ಲಿಯೇ ಶೇಖರಗೊಳ್ಳುತ್ತಿವೆ. 16 ಅಥವಾ 32 ಜಿಬಿ ಸಾಮರ್ಥ್ಯದ ಹಳೆಯ ಫೋನು ಬೇಗನೆ ತುಂಬಿ, ಹೊಸ ಚಿತ್ರವನ್ನೂ ಸ್ವೀಕರಿಸದ ಸ್ಥಿತಿಗೆ ಬರುತ್ತದೆ. ಮೆಮೊರಿ ಕಾರ್ಡ್ ಹಾಕಿದರೂ ಆ್ಯಪ್‌ಗಳು ಬಹುಮಟ್ಟಿಗೆ ಒಳಸಂಗ್ರಹದಲ್ಲಿಯೇ ಉಳಿಯುವುದರಿಂದ ತೊಂದರೆ ಪೂರ್ಣವಾಗಿ ನಿವಾರಣೆಯಾಗದು. ಅನೇಕ ಮಾದರಿಗಳಲ್ಲಿ ಕಾರ್ಡಿಗೆ ಸ್ಥಳವೇ ಇರುವುದಿಲ್ಲ. ಹೀಗಾಗಿ ಬೋರ್ಡಿನ ಮೇಲಿನ ಮೆಮೊರಿ ಐಸಿಯನ್ನು ತೆಗೆದು ಹೆಚ್ಚಿನ ಸಾಮರ್ಥ್ಯದ್ದನ್ನು ಕೂಡಿಸುವ ಕೆಲಸವು ರಿಪೇರಿ ವೃತ್ತಿಯಲ್ಲಿ ಪ್ರತ್ಯೇಕ ಸೇವೆಯಾಗಿ ರೂಪುಗೊಂಡಿದೆ. ಆದಾಯ ತರಬಲ್ಲ ಕೆಲಸವಿದು. ಆದರೆ ಕೈತಪ್ಪಿದರೆ ಗ್ರಾಹಕನ ಫೋನು, ಅದರೊಳಗಿನ ಲೆಕ್ಕಪತ್ರ, ಅಂಗಡಿಯ ಹೆಸರು ಮೂರೂ ಒಮ್ಮೆಗೇ ಹೋಗುತ್ತವೆ.

ಮೊದಲು ಐಸಿಯ ಜಾತಿಯನ್ನು ಅರಿಯತಕ್ಕದ್ದು. ಹಳೆಯ ಹಾಗೂ ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ ಇಎಂಎಂಸಿ, ಮೇಲ್ದರ್ಜೆಯವುಗಳಲ್ಲಿ ಯುಎಫ್‌ಎಸ್ ಎಂಬ ಬಗೆಯ ಐಸಿಗಳಿರುತ್ತವೆ. ಎರಡರಲ್ಲಿಯೂ 153 ಬೆಸುಗೆ ಗುಂಡುಗಳ ಮಾದರಿಗಳಿರುವುದರಿಂದ ಹೊರನೋಟಕ್ಕೆ ಒಂದೇ ಎನಿಸಬಹುದು. ಆದರೆ ಮೊದಲನೆಯದು ಎಂಟು ತಂತಿಗಳ ಸಮಾನಾಂತರ ಮಾರ್ಗದಲ್ಲಿಯೂ, ಎರಡನೆಯದು ಅತಿವೇಗದ ಸರಣಿ ಮಾರ್ಗದಲ್ಲಿಯೂ ಮಾಹಿತಿ ಸಾಗಿಸುತ್ತದೆ. ಒಂದರ ಸ್ಥಾನದಲ್ಲಿ ಇನ್ನೊಂದು ಕೆಲಸ ಮಾಡದು. ಇನ್ನು ಕೆಲವು ಫೋನುಗಳಲ್ಲಿ ರ‍್ಯಾಮ್ ಮತ್ತು ಸಂಗ್ರಹ ಎರಡೂ ಒಂದೇ ಐಸಿಯೊಳಗೆ ಇರುತ್ತವೆ. ಅಲ್ಲಿ ರ‍್ಯಾಮಿನ ಬಗೆಯೂ ಹೊಂದಲೇಬೇಕು.

ಖರೀದಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಸಗಟು ಪೇಟೆಯಲ್ಲಿ ಹಳೆಯ ಬೋರ್ಡುಗಳಿಂದ ಕಿತ್ತು ತೊಳೆದು, ಹೊಸ ಗುಂಡು ಕೂಡಿಸಿದ ಐಸಿಗಳು ಹೊಸದೆಂಬಂತೆ ಬರುವುದುಂಟು. ಇಎಂಎಂಸಿ 5.0 ಮತ್ತು ನಂತರದ ಆವೃತ್ತಿಗಳ ಐಸಿಗಳು ತಮ್ಮ ಸವಕಳಿಯನ್ನು ತಾವೇ ದಾಖಲಿಸಿಕೊಳ್ಳುತ್ತವೆ. ಪ್ರೋಗ್ರಾಮರ್ ಉಪಕರಣದಲ್ಲಿ ಓದಿದಾಗ 1 ಎಂದು ತೋರಿದರೆ ಆಯುಷ್ಯದ ಶೇ. 10ರೊಳಗೆ ಬಳಕೆಯಾಗಿದೆ ಎಂದರ್ಥ. ಅಂಕಿ ಏರಿದಂತೆಲ್ಲ ಆಯುಷ್ಯ ತೀರುತ್ತ ಬಂದಿರುತ್ತದೆ. ಈ ಅಂಕಿಯನ್ನು ನೋಡದೆ ಹಣ ಕೊಡುವುದು, ಚೀಲ ಬಿಚ್ಚದೆ ತೊಗರಿ ಕೊಂಡಂತೆ.

ಹಳೆಯ ಐಸಿಯಲ್ಲಿ ಇನ್ನೊಂದು ತೊಡಕಿದೆ. ಅದರೊಳಗೆ ಆರ್‌ಪಿಎಂಬಿ ಎಂಬ ರಕ್ಷಿತ ಭಾಗವಿದ್ದು, ಮೊದಲ ಫೋನಿನ ಪ್ರೊಸೆಸರು ಅಲ್ಲಿ ತನ್ನ ಕೀಲಿಯನ್ನು ಒಮ್ಮೆ ಬರೆದ ಮೇಲೆ ಸಾಮಾನ್ಯವಾಗಿ ಅದನ್ನು ಅಳಿಸಲು ಬರುವುದಿಲ್ಲ. ಅಂಥ ಐಸಿಯನ್ನು ಬೇರೊಂದು ಫೋನಿಗೆ ಕೂಡಿಸಿದರೆ ಕೆಲವು ಮಾದರಿಗಳು ಚಾಲೂ ಆಗುವುದಿಲ್ಲ. ಚಾಲೂ ಆದರೂ ಪರದೆಯ ಬೀಗ, ಬೆರಳಚ್ಚು ಕೈಕೊಡಬಹುದು. ಆದುದರಿಂದ ಕೀಲಿ ಬರೆಯದ ಐಸಿಯನ್ನೇ ಕೇಳಿ ಪಡೆಯುವುದು ಲೇಸು.

ಬಿಸಿ ಮಾಡುವ ಮುನ್ನ ಗ್ರಾಹಕನ ಮಾಹಿತಿಯನ್ನು ಹೊರಗೆ ನಕಲು ಮಾಡಿಕೊಳ್ಳಬೇಕು. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಮಾಹಿತಿಯು ಗೂಢಲಿಪಿಯಲ್ಲಿದ್ದು, ಅದರ ಕೀಲಿ ಆಯಾ ಪ್ರೊಸೆಸರಿಗೇ ಬಿಗಿದಿರುತ್ತದೆ. ಬೋರ್ಡ್ ಸುಟ್ಟರೆ ಐಸಿಯೊಂದನ್ನೇ ಹಿಡಿದು ಚಿತ್ರ, ಲೆಕ್ಕ ಯಾವುದನ್ನೂ ಮರಳಿ ಪಡೆಯಲಾಗದು. ಕಾರ್ಖಾನೆಯ ಸೀಸರಹಿತ ಬೆಸುಗೆ ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲಾರಂಭಿಸಿದರೆ, 63–37 ಪ್ರಮಾಣದ ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲಿಯೇ ಕರಗುತ್ತದೆ. ಐಸಿಯ ಸುತ್ತ ಅಂಟು ತುಂಬಿದ್ದರೆ ಅದನ್ನು ಮೊದಲು ಮೆಲ್ಲನೆ ಬಿಡಿಸತಕ್ಕದ್ದು. ಅವಸರದಲ್ಲಿ ಎತ್ತಿದರೆ ಬೋರ್ಡಿನ ತಾಮ್ರದ ಬಿಂದುಗಳೇ ಕಿತ್ತು ಬರುತ್ತವೆ. ಪಕ್ಕದ ಪ್ರೊಸೆಸರಿಗೆ ಬಿಸಿ ತಗುಲದಂತೆ ತಡೆ ಇಡುವುದೂ ಅಷ್ಟೇ ಮುಖ್ಯ. ಹಳೆಯ ವಿಭಜನಾ ಪಟ್ಟಿಯನ್ನು ಹಾಗೆಯೇ ನಕಲಿಸಿದರೆ 128 ಜಿಬಿ ಐಸಿ ಹಾಕಿಯೂ ಫೋನು 32 ಜಿಬಿಯನ್ನೇ ತೋರಿಸಬಹುದು. ಬಳಕೆದಾರರ ಭಾಗವನ್ನು ಹಿಗ್ಗಿಸಬೇಕಾಗುತ್ತದೆ. ಕೊನೆಗೆ ಸಂಗ್ರಹವನ್ನು ಪೂರ್ತಿ ತುಂಬಿಸಿ, ಮರಳಿ ಓದಿ ನೋಡಿದ ಹೊರತು ಸಾಮರ್ಥ್ಯ ನಿಜವೆಂದು ನಂಬತಕ್ಕದ್ದಲ್ಲ.

ಐಎಂಇಐ ವಿಷಯ

ವೃತ್ತಿಬಾಂಧವರು ಅತಿ ಹೆಚ್ಚು ಲಕ್ಷ್ಯ ಕೊಡಬೇಕಾದದ್ದು ಇಲ್ಲಿಯೇ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ 15 ಅಂಕಿಗಳ ಈ ಗುರುತಿನ ಸಂಖ್ಯೆಗೂ ಸಿಗ್ನಲ್ ಹೊಂದಾಣಿಕೆಗೂ ಸೇರಿದ ದಾಖಲೆ ಮೆಮೊರಿ ಐಸಿಯ ಒಂದು ಭಾಗದಲ್ಲಿರುತ್ತದೆ. ಐಸಿ ಬದಲಾದೊಡನೆ ಅದು ಅಳಿದು, ನೆಟ್‌ವರ್ಕ್ ಬಾರದಿರುವುದುಂಟು. ಆಗ ಯಾವುದೋ ತಂತ್ರಾಂಶದಿಂದ ಕೈಗೆ ಸಿಕ್ಕ ಸಂಖ್ಯೆಯನ್ನು ಬರೆದು ಫೋನು ನಡೆಸುವ ಪ್ರಲೋಭನೆ ಸಹಜ. ಆದರೆ 2017ರಲ್ಲಿಯೇ ಕೇಂದ್ರ ಸರಕಾರವು ಐಎಂಇಐ ತಿದ್ದುವುದರ ವಿರುದ್ಧ ನಿಯಮಗಳನ್ನು ಹೊರಡಿಸಿತ್ತು. 2023ರ ದೂರಸಂಪರ್ಕ ಅಧಿನಿಯಮದ 42ನೆಯ ಕಲಮು 2024ರ ಜೂನ್ 26ರಿಂದ ಜಾರಿಯಲ್ಲಿದ್ದು, ಇಂತಹ ಗುರುತನ್ನು ತಿದ್ದಿದವರಿಗೆ ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 50 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕಳುವಾದ ಫೋನುಗಳನ್ನು ಸಂಖ್ಯೆಯ ಆಧಾರದ ಮೇಲೆ ತಡೆಹಿಡಿಯುವ ಸಿಇಐಆರ್ ವ್ಯವಸ್ಥೆಯನ್ನು 2023ರ ಮೇ ತಿಂಗಳಲ್ಲಿ ದೇಶಾದ್ಯಂತ ವಿಸ್ತರಿಸಲಾಗಿದೆ. ಐದಾರು ನೂರು ರೂಪಾಯಿ ಮಜೂರಿಗಾಗಿ ಇಷ್ಟು ದೊಡ್ಡ ಹೊಣೆಯನ್ನು ತಲೆಯ ಮೇಲೆ ಎಳೆದುಕೊಳ್ಳುವುದು ಯಾವ ಲೆಕ್ಕದಲ್ಲಿಯೂ ವ್ಯಾಪಾರವಲ್ಲ.

ಕೆಲಸಕ್ಕೆ ಮೊದಲು ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿ ಬರುವ ಸಂಖ್ಯೆಯನ್ನು ಪೆಟ್ಟಿಗೆ ಅಥವಾ ಖರೀದಿ ಬಿಲ್ಲಿನ ಮೇಲಿನದಕ್ಕೆ ತಾಳೆ ನೋಡಬೇಕು. ಹೊಂದದಿದ್ದರೆ ಫೋನನ್ನು ಮರಳಿಸಬೇಕು. ಹೊಂದಿದಲ್ಲಿ ಆ ಭಾಗದ ನಕಲು ತೆಗೆದಿರಿಸದೆ ಐಸಿಗೆ ಕೈ ಹಚ್ಚಬಾರದು. ಮುಗಿದ ನಂತರ ಅದೇ ಸಂಖ್ಯೆ ಬಾರದಿದ್ದರೆ ಕಂಪನಿಯ ಅಧಿಕೃತ ಸೇವಾ ಕೇಂದ್ರದ ದಾರಿ ತೋರಿಸುವುದೇ ಉಚಿತ.

ಗ್ರಾಹಕನಿಗೆ ಕೊಡುವ ರಸೀದಿಯಲ್ಲಿ ಫೋನಿನ ಮಾದರಿ, ಐಎಂಇಐ, ಹಳೆಯ ಮತ್ತು ಹೊಸ ಸಾಮರ್ಥ್ಯ, ಐಸಿ ಹೊಸದೋ ಬಳಸಿದ್ದೋ ಎಂಬುದು, ಮಾಹಿತಿ ಅಳಿಯುವ ಸಂಭವಕ್ಕೆ ಆತನ ಒಪ್ಪಿಗೆ ಇವಿಷ್ಟೂ ಇರಲಿ. ಕಂಪನಿಯ ವಾರಂಟಿ ರದ್ದಾಗುವ ಸಂಭವವನ್ನು ಬಾಯಿಮಾತಿಗೆ ಬಿಡದೆ ಬರೆದೇ ತಿಳಿಸತಕ್ಕದ್ದು. ಕಿತ್ತ ಐಸಿ ಗ್ರಾಹಕನ ಸ್ವತ್ತು. ಹಳೆಯ ಫೋನುಗಳಲ್ಲಿ ಗೂಢಲಿಪಿ ಇಲ್ಲದಿದ್ದರೆ ಪ್ರೋಗ್ರಾಮರ್ ಇರುವ ಯಾರಾದರೂ ಅದರಲ್ಲಿನ ಚಿತ್ರಗಳನ್ನು ಓದಬಲ್ಲರು. ಆದುದರಿಂದ ಅದನ್ನು ಚಿಕ್ಕ ಲಕೋಟೆಯಲ್ಲಿಟ್ಟು ಫೋನಿನೊಡನೆ ಮರಳಿಸಿ, ರಸೀದಿಯ ಮೇಲೆ ಆತನ ಸಹಿ ಪಡೆಯತಕ್ಕದ್ದು.