ಫೋರ್ಕ್‌ಲಿಫ್ಟ್: ಫಲಕದ ತೂಕವೊಂದೇ ಸಾಲದು

ಫೋರ್ಕ್‌ಲಿಫ್ಟಿನ ಸಾಮರ್ಥ್ಯ ಫಲಕದಲ್ಲಿ 2,000 ಕೆ.ಜಿ. ಎಂದಿದ್ದರೆ ಅಷ್ಟು ತೂಕದ ಯಾವ ಸರಕನ್ನಾದರೂ ಎತ್ತಬಹುದೆಂದು ಭಾವಿಸುವುದು ಅಪಾಯಕರ. ಆ ತೂಕವು ಫಲಕದಲ್ಲಿಯೇ ನಮೂದಿಸಿದ ಭಾರಕೇಂದ್ರದ ದೂರಕ್ಕೆ, ಸಾಮಾನ್ಯವಾಗಿ 500 ಮಿ.ಮೀ.ಗೆ, ಮಾತ್ರ ಅನ್ವಯಿಸುತ್ತದೆ.

ಈ ಯಂತ್ರವು ತಕ್ಕಡಿಯಿದ್ದಂತೆ. ಮುಂದಿನ ಅಚ್ಚು ಅದರ ಆಧಾರ. ಹಿಂಬದಿಯ ತೂಕವು ಸರಕನ್ನು ಸರಿದೂಗಿಸುತ್ತದೆ. ಸರಕು ಉದ್ದವಾದಷ್ಟೂ ಭಾರಕೇಂದ್ರ ಮುಂದಕ್ಕೆ ಸರಿಯುತ್ತದೆ. ಅಚ್ಚಿನಿಂದ ಫೋರ್ಕಿನ ಬುಡಕ್ಕೆ 400 ಮಿ.ಮೀ. ಅಂತರವಿದೆ ಎನ್ನೋಣ. ತೂಕ ಸಮನಾಗಿ ಹರಡಿರುವ 1,500 ಮಿ.ಮೀ. ಉದ್ದದ ಪೆಟ್ಟಿಗೆಯ ಭಾರಕೇಂದ್ರ 750 ಮಿ.ಮೀ. ಆದ್ದರಿಂದ ಅಚ್ಚಿನಿಂದ ಅದರ ದೂರ 900ರ ಬದಲು 1,150 ಮಿ.ಮೀ. ಆಗುತ್ತದೆ. 2,000 × 900 ÷ 1,150ರಂತೆ ಸಾಮರ್ಥ್ಯವು ಸುಮಾರು 1,565 ಕೆ.ಜಿ.ಗೆ ಇಳಿಯುತ್ತದೆ. ಎತ್ತುವ ಎತ್ತರ ಹೆಚ್ಚಿದರೆ ಇನ್ನೂ ಕುಗ್ಗಬಹುದು. ತಯಾರಕರ ಪಟ್ಟಿಯೇ ಅಂತಿಮ.

ಮಾಲೀಕರು ಪಾಲಿಸಬೇಕಾದ ಕ್ರಮಗಳು:

1. ಸರಕಿನ ಚೀಟಿಯಲ್ಲಿ ತೂಕದೊಡನೆ ಉದ್ದವನ್ನೂ ಬರೆಯಿಸಬೇಕು.

2. ಚಲಿಸುವಾಗ ಫೋರ್ಕು ನೆಲದಿಂದ 150–200 ಮಿ.ಮೀ. ಮೇಲಿದ್ದು, ಮಾಸ್ಟ್ ಹಿಂದಕ್ಕೆ ವಾಲಿರಬೇಕು.

3. ಇಳಿಜಾರಿನಲ್ಲಿ ಸರಕು ಏರಿನ ಕಡೆಗಿರಬೇಕು.

4. ಹಿಂದಿನ ಚಕ್ರ ಮೇಲೇಳುವುದನ್ನು ತಡೆಯಲು ಆಳುಗಳನ್ನು ಹತ್ತಿಸಿ ನಿಲ್ಲಿಸಕೂಡದು.

5. ಚಾಲಕನು ಸೀಟ್‌ಬೆಲ್ಟ್ ಧರಿಸಲೇಬೇಕು. ಯಂತ್ರ ಉರುಳುವಾಗ ಹೊರಗೆ ಜಿಗಿದವನು ಅದರಡಿ ಸಿಲುಕುವ ಸಂಭವವೇ ಹೆಚ್ಚು.

ಒಂದೇ ಬಾರಿಗೆ ಎತ್ತಿ ಉಳಿಸುವ ಕೆಲವು ನಿಮಿಷಗಳಿಗಿಂತ ಕಾರ್ಮಿಕನ ಜೀವ ಅಮೂಲ್ಯವಾದುದು.