ಸಾಹೇಬರು ಹೇಳಿದ್ದಾರೆ

ಚಿರಂಜೀವಿ ತಂಗಿಗೆ, ಸಾಸ್ತೂರದಿಂದ.

ನಿನ್ನ ಕಾಗದ ಮೊನ್ನೆ ತಲುಪಿತು. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಶಾಲೆಗಳನ್ನು ನಡೆಸುವ ಸಂಸ್ಥೆಯೊಂದರ ಅಧ್ಯಕ್ಷರ ಬಳಿ ನಿನಗೆ ಉದ್ಯೋಗ ದೊರೆತುದನ್ನು ಓದಿ ಹಿಗ್ಗಿದೆ. ನೇಮಕದ ಆದೇಶದಲ್ಲಿ ‘ಎಕ್ಸಿಕ್ಯೂಟಿವ್ ಅಸಿಸ್ಟಂಟ್’ ಎಂದು ಬರೆದಿದೆಯಂತೆ. ಮರಾಠಿಯ ಸರಕಾರಿ ಕಾಗದಗಳಲ್ಲಿ ಇದು ‘ಸ್ವೀಯ ಸಹಾಯಕ’, ಕನ್ನಡದಲ್ಲಿ ‘ಆಪ್ತ ಸಹಾಯಕ’, ನನ್ನ ಕಾಲದ ಊರವರ ಬಾಯಲ್ಲಿ ಸುಮ್ಮನೆ ‘ಸಾಹೇಬರ ಕಾರಕೂನ’. ಅಂಥದೇ ಒಂದು ಸಂಸ್ಥೆಯ ಅಧ್ಯಕ್ಷರ ಬಾಗಿಲಲ್ಲಿ ಇಪ್ಪತ್ತಾರು ವರ್ಷ ಕುಳಿತು ಎದ್ದವನು ನಾನಾದುದರಿಂದ, ಮತ್ತು ನಿನ್ನಂತೆಯೇ ಅಂಥ ಬಾಗಿಲುಗಳ ಪಕ್ಕದ ಮೇಜಿಗೆ ಹೊಸದಾಗಿ ಬಂದವರು ಇನ್ನೂ ಹಲವರಿರಬಹುದಾದುದರಿಂದ, ಈ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಎಂ.ಎ. ಮುಗಿಸಿ ಇನ್ನೊಬ್ಬರ ಭೇಟಿಗಳ ವೇಳೆಯನ್ನು ಬರೆದಿಡುವುದಕ್ಕಾಗಿ ಕುಳಿತುಕೊಳ್ಳಬೇಕೇ ಎಂದು ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀಯೆ. ಉದಗೀರದಲ್ಲಿ ಓದಿದವಳು ನೀನು. ನಿನ್ನ ಪದವಿಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಅದರ ನೆತ್ತಿಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದು. 1994ರಲ್ಲಿ ಸ್ಥಾಪಿತವಾದ ನಾಂದೇಡದ ಆ ವಿಶ್ವವಿದ್ಯಾಲಯ ಸ್ವಾಮಿ ರಾಮಾನಂದ ತೀರ್ಥರ ಹೆಸರನ್ನು ಹೊತ್ತಿದೆ. ಈಗಿನ ಕರ್ನಾಟಕದ ನೆಲದಲ್ಲಿ 1903ರಲ್ಲಿ ವೆಂಕಟೇಶ ಖೇಡಗೀಕರರಾಗಿ ಹುಟ್ಟಿದ ಆ ಮಹನೀಯರು, ನಿಜಾಮನ ಆಳ್ವಿಕೆಯನ್ನು ಎದುರಿಸಿ ಹೈದರಾಬಾದ ಸಂಸ್ಥಾನದ ಕಾಂಗ್ರೆಸ್ಸನ್ನು ಮುನ್ನಡೆಸುವುದಕ್ಕಿಂತ ಎಷ್ಟೋ ಮೊದಲು, ಕಾವಿ ಉಡುವುದಕ್ಕಿಂತಲೂ ಮೊದಲು, ಕಾರ್ಮಿಕರ ನಾಯಕರಾಗಿದ್ದ ನಾ. ಮ. ಜೋಶಿಯವರ ಆಪ್ತ ಕಾರ್ಯದರ್ಶಿಯಾಗಿದ್ದರು. ಅನಂತರವೇ ನಮ್ಮ ಲೋಹಾರಾ ತಾಲೂಕಿನ ಹಿಪ್ಪರಗಾದ ರಾಷ್ಟ್ರೀಯ ಶಾಲೆಗೆ ಬಂದು ಮುಖ್ಯಾಧ್ಯಾಪಕರಾದುದು. ಈ ಕೆಲಸ ದೊಡ್ಡ ಪದವಿಗೆ ಮೆಟ್ಟಿಲೆಂದು ನಿನಗೆ ಆಸೆ ತೋರಿಸುವುದಕ್ಕೆ ಇದನ್ನು ಹೇಳಲಿಲ್ಲ, ಏಕೆಂದರೆ ಯಾವ ಮೆಟ್ಟಿಲನ್ನೂ ಹತ್ತದೆ ಅದೇ ಕುರ್ಚಿಯಲ್ಲಿ ನಿವೃತ್ತನಾದವನು ನಾನೇ ಇದ್ದೇನೆ. ಒಬ್ಬ ನಾಯಕನ ಮಾತು ಬೆಳಿಗ್ಗೆ ಅವನ ಬಾಯಿಂದ ಹೊರಟು ಸಂಜೆಯೊಳಗೆ ಎಷ್ಟು ಕೈ ಬದಲಾಗಿ ಎಷ್ಟು ರೂಪ ತಾಳುತ್ತದೆ ಎಂಬುದನ್ನು ಆ ಮೇಜಿನಿಂದ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಂದಲೂ ಕಾಣಲಾಗದು. ಅದನ್ನು ಕಂಡವನು ಶಾಲೆ ನಡೆಸಲು ಹೊರಟರೆ ಅರ್ಧ ಪಾಠ ಮೊದಲೇ ಆದಂತೆ.

ಆ ಮಾತಿನ ವಿಷಯವೇ ನಾನು ನಿನಗೆ ಹೇಳಬೇಕಾದುದು. ನಮ್ಮ ವೃತ್ತಿಯಲ್ಲಿ ಎರಡೇ ಶಬ್ದಗಳ ಒಂದು ವಾಕ್ಯವುಂಟು: ‘ಸಾಹೇಬರು ಹೇಳಿದ್ದಾರೆ’. ಈ ಎರಡು ಶಬ್ದಗಳನ್ನು ಉಚ್ಚರಿಸಿದೊಡನೆ ಮುಖ್ಯಾಧ್ಯಾಪಕರು ಎದ್ದು ನಿಲ್ಲುತ್ತಾರೆ, ಗುಮಾಸ್ತರು ಕಡತ ಕೊಡುತ್ತಾರೆ, ವಯಸ್ಸಿನಲ್ಲಿ ನಿನ್ನ ತಂದೆಯಷ್ಟಿರುವವರು ‘ಆಗಲಿ ಅವ್ವಾ’ ಎನ್ನುತ್ತಾರೆ. ಆ ಗೌರವ ನಿನಗೆ ಸಲ್ಲುತ್ತಿದೆಯೆಂದು ಆರು ತಿಂಗಳೊಳಗೆ ಅನ್ನಿಸತೊಡಗುತ್ತದೆ. ನನಗೆ ಮೂರೇ ತಿಂಗಳು ಸಾಕಾಯಿತು.

ನನ್ನ ಎರಡನೆಯ ವರ್ಷದ ಸಂಗತಿ. ನಿಲಂಗಾ ಕಡೆಯ ಶಾಲೆಯೊಂದರಲ್ಲಿದ್ದ ಒಬ್ಬ ಶಿಕ್ಷಕರು, ಹಾಸಿಗೆ ಹಿಡಿದ ತಾಯಿಯ ಸಲುವಾಗಿ ಉಮರ್ಗಾ ಕಡೆಗೆ ವರ್ಗ ಬೇಡಿ ಅರ್ಜಿ ಹಿಡಿದು ಬಂದರು. ವರ್ಷದ ನಡುವೆ ವರ್ಗ ಕೇಳುವವರನ್ನು ನಮ್ಮ ಅಧ್ಯಕ್ಷರು ಸಹಿಸುತ್ತಿರಲಿಲ್ಲ ಎಂಬುದನ್ನು ಬಲ್ಲ ನಾನು, ಅವರ ಉತ್ತರ ಏನಿರುವುದೆಂದು ನನಗೆ ಗೊತ್ತೇ ಇದೆಯಲ್ಲ ಎಂಬ ಧೈರ್ಯದಿಂದ, ಅರ್ಜಿಯನ್ನು ಒಳಗೆ ಒಯ್ಯದೆ, ಆಗದೆಂದು ಸಾಹೇಬರು ಹೇಳಿದ್ದಾರೆ ಎಂದುಬಿಟ್ಟೆ. ಅವರು ಮರುಮಾತಾಡದೆ ಹೋದರು. ನಾಲ್ಕು ತಿಂಗಳ ಮೇಲೆ ಯಾವುದೋ ಮದುವೆಯಲ್ಲಿ ಅಧ್ಯಕ್ಷರೂ ಆ ಶಿಕ್ಷಕರೂ ಭೇಟಿಯಾದಾಗ ವಿಷಯ ಹೊರಬಿತ್ತು. ಅಷ್ಟರೊಳಗೆ ಖಾಲಿಯಿದ್ದ ಜಾಗಕ್ಕೆ ಬೇರೊಬ್ಬರು ಬಂದಿದ್ದರು. ಅಧ್ಯಕ್ಷರು ನನ್ನನ್ನು ಬೈಯಲಿಲ್ಲ; ಮುಂದಿನ ಜೂನಿನಲ್ಲಿ ವರ್ಗ ಕೊಡುವುದಾಗಿ ಒಂದು ಸಾಲಿನ ಪತ್ರವನ್ನು ಹೇಳಿ ಬರೆಯಿಸಿ, ಸಹಿ ಮಾಡಿ, ಅದನ್ನು ಅಂಚೆಗೆ ಹಾಕಬಾರದು, ನೀನೇ ಎಸ್.ಟಿ. ಬಸ್ಸು ಹತ್ತಿ ಹೋಗಿ ಅವರ ಕೈಗೆ ಕೊಟ್ಟು ಬರಬೇಕು ಎಂದರು. ಹೋದೆ. ಆ ಶಿಕ್ಷಕರು ಪತ್ರವನ್ನು ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡು, ನನಗೆ ಚಹಾ ತರಿಸಿದರು. ಆ ಚಹಾ ಇಂದಿಗೂ ನನ್ನ ಗಂಟಲಿನಿಂದ ಇಳಿದಿಲ್ಲ.

ಆದುದರಿಂದ ಅವರು ಹೇಳಿದುದನ್ನಷ್ಟೇ ಹೇಳು; ಹೇಳದಿದ್ದರೆ ‘ಕೇಳಿ ತಿಳಿಸುತ್ತೇನೆ’ ಎನ್ನು, ಮತ್ತು ಕೇಳು. ಅವರ ಮನಸ್ಸು ನಿನಗೆ ಎಷ್ಟೇ ಪರಿಚಿತವಾಗಿದ್ದರೂ, ‘ಹೌದು’ ‘ಅಲ್ಲ’ ಎಂಬ ಎರಡು ಮಾತುಗಳನ್ನು ಅವರ ಪರವಾಗಿ ನೀನು ಆಡಕೂಡದು.

ಇನ್ನು ಕಾಗದಗಳ ಮಾತು. ಆವಕ-ಜಾವಕ ಪುಸ್ತಕ, ವರ್ಷ ವರ್ಷದ ಹುದ್ದೆಗಳ ಮಂಜೂರಾತಿಯಾದ ಸಂಚಮಾನ್ಯತಾ, ಮೀಸಲಾತಿಯ ಬಿಂದುನಾಮಾವಳಿ, ಶಾಲಾರ್ಥ ಎಂಬ ಕಂಪ್ಯೂಟರ್ ವ್ಯವಸ್ಥೆಯ ವೇತನಪಟ್ಟಿ, ಇವೆಲ್ಲ ನಿನಗೆ ಒಣ ಸೌದೆಯ ಹೊರೆಯಂತೆ ಕಾಣಬಹುದು, ನನಗೂ ಕಂಡಿತ್ತು. ಹುಡುಗರ ಸಂಖ್ಯೆಯ ಮೇಲೆ ಶಿಕ್ಷಕರ ಹುದ್ದೆ, ಹುದ್ದೆಯ ಮೇಲೆ ಅನುದಾನ, ಆದುದರಿಂದ ಸೆಪ್ಟೆಂಬರ್ 30ರ ಪಟಸಂಖ್ಯೆಯೆಂದರೆ ನಮ್ಮ ಶಾಲೆಗಳಿಗೆ ಸುಗ್ಗಿಯ ರಾಶಿಯ ಲೆಕ್ಕವಿದ್ದಂತೆ. 1993ರಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಕೂಡಿತ್ತು: ಎನ್.ಸಿ.ಇ.ಆರ್.ಟಿ.ಯವರ ಆರನೆಯ ಅಖಿಲ ಭಾರತ ಶೈಕ್ಷಣಿಕ ಸರ್ವೇಕ್ಷಣೆಗೆ ಅದೇ ಸೆಪ್ಟೆಂಬರ್ 30ನ್ನು ಆಧಾರದ ದಿನವೆಂದು ಗೊತ್ತುಪಡಿಸಿದ್ದರು. ಶಾಲೆಗಳಿಂದ ತರಿಸಿದ ಹೆಸರಿನ ಪಟ್ಟಿಗಳನ್ನು ಪ್ರತಿ ಮಾಡಿ ಜೋಡಿಸುವ ಸಲುವಾಗಿ, ಗಣೇಶ ವಿಸರ್ಜನೆಯ ರಾತ್ರಿಯಾದರೂ, ನಾನು ಸಾಸ್ತೂರಕ್ಕೆ ಬಾರದೆ ಉಮರ್ಗಾದ ಕಚೇರಿಯಲ್ಲೇ ಉಳಿದೆ.

ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಕಿಲ್ಲಾರಿಯ ಭೂಕಂಪವೆಂದು ಲೋಕವೆಲ್ಲ ಹೇಳುವ ಅದರಲ್ಲಿ ಲಾತೂರ, ಉಸ್ಮಾನಾಬಾದ ಜಿಲ್ಲೆಗಳ 52 ಊರುಗಳು ನೆಲಸಮವಾದುವು, ಸಾಸ್ತೂರ ಅವುಗಳಲ್ಲೊಂದು. ನಮ್ಮ ಮನೆಗಳನ್ನು ನೀನು ಕಂಡವಳಲ್ಲ: ಬರಿಯ ಮಣ್ಣಿನ ಗಾರೆಯಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆ, ತೊಲೆಗಳ ಮೇಲೆ ಮೊಳದಷ್ಟು ಮಣ್ಣು ಹೊದಿಸಿದ ಮಾಳಿಗೆ, ಬೇಸಗೆಯಲ್ಲಿ ತಂಪಾಗಿ ಕಾಯ್ದ ಆ ಭಾರವೇ ನಿದ್ರಿಸುತ್ತಿದ್ದವರ ಮೇಲೆ ಕುಸಿಯಿತು. ಅದರ ವರ್ಣನೆ ಇಲ್ಲಿ ಬೇಡ.

ಸೇರಿದವರನ್ನೂ ಬಿಟ್ಟವರನ್ನೂ ಬರೆದಿಡುವ, ಸಾಸ್ತೂರದ ಶಾಲೆಯ ದಾಖಲ-ಖಾರಿಜ ಪುಸ್ತಕವೂ ಕಲ್ಲಿನಡಿಯಲ್ಲಿ ಹೋಯಿತು. ಯಾವ ಮಗು ಯಾರದು, ಎಂದು ಹುಟ್ಟಿದ್ದು, ಯಾವ ಇಯತ್ತೆಯಲ್ಲಿತ್ತು ಎಂಬುದಕ್ಕೆ ಉಳಿದ ಒಂದೇ ಬರಹವೆಂದರೆ ನನ್ನ ಮೇಜಿನ ಮೇಲಿದ್ದ ಆ ಪ್ರತಿ. ತಂದೆತಾಯಿಯರನ್ನು ಕಳೆದುಕೊಂಡ ಹುಡುಗರಿಗೆ ದಾಖಲೆಪತ್ರವನ್ನು ಅದರಿಂದಲೇ ಬರೆದುಕೊಟ್ಟೆವು. ತಿಂಗಳೆರಡರ ಮೇಲೆ ಹೊಸ ದಾಖಲ-ಖಾರಿಜ ಪುಸ್ತಕವನ್ನು ತೆರೆಯಬೇಕಾಗಿ ಬಂದಾಗ ‘ಖಾರಿಜದ ಕಾರಣ’ ಎಂಬ ಅಂಕಣದ ಮುಂದೆ ನನ್ನ ಕೈ ನಿಂತುಹೋಯಿತು. ಅಧ್ಯಕ್ಷರು ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೆ ಎಳೆದುಕೊಂಡು, ಲೇಖನಿಯನ್ನು ನನ್ನಿಂದ ತೆಗೆದುಕೊಂಡರು. ನಾನು ಹೆಸರು ಓದಿದೆ, ಅವರು ಬರೆದರು. ಇಪ್ಪತ್ತಾರು ವರ್ಷಗಳಲ್ಲಿ ಅವರು ನನ್ನ ಕಾರಕೂನರಾದುದು ಆ ಒಂದು ಮಧ್ಯಾಹ್ನ.

ಅಂದಿನಿಂದ ಪ್ರತಿ ಇಡುವ ವಿಷಯದಲ್ಲಿ ನನ್ನೊಡನೆ ಯಾರೂ ವಾದಿಸಿ ಗೆದ್ದಿಲ್ಲ. ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ ಎನ್ನುತ್ತೀಯೆ, ಇರಲಿ, ಸಂತೋಷ. ಆದರೂ ಇಂದು ಯಾರು ಬಂದರು, ಅಧ್ಯಕ್ಷರು ಅವರಿಗೆ ಏನು ಮಾತು ಕೊಟ್ಟರು, ಎಂದಿಗೆ ಮಾಡುವುದಾಗಿ ಹೇಳಿದರು ಎಂಬ ಮೂರು ಸಾಲನ್ನು ನಿನ್ನ ಕೈಯಿಂದಲೇ, ದಿನಾಂಕ ಹಾಕಿ, ಒಂದು ವಹಿಯಲ್ಲಿ ಬರೆ. ವಾಟ್ಸಾಪಿನಲ್ಲಿ ಬಂದ ಸಂದೇಶ ಹತ್ತು ದಿನದಲ್ಲಿ ಮೇಲಕ್ಕೆ ಸರಿದು ಯಾರ ಕಣ್ಣಿಗೂ ಬೀಳದಂತಾಗುತ್ತದೆ, ಕೊಟ್ಟ ಮಾತು ಮಾತ್ರ ಪಡೆದವನ ಮನಸ್ಸಿನಲ್ಲಿ ಹಾಗೆಯೇ ಇರುತ್ತದೆ.

ಗುಟ್ಟುಗಳ ವಿಷಯವನ್ನೂ ಕೇಳಿದ್ದೀಯೆ: ಒಳಗೆ ಕೇಳಿದ್ದನ್ನೆಲ್ಲ ಬಚ್ಚಿಡಬೇಕೇ ಎಂದು. ಮೊದಲು ಒಂದು ಹಳೆಯ ಗುಟ್ಟನ್ನು ಕೇಳು. ಉದಗೀರದಿಂದ ಬೀದರದ ಹಾದಿಯಲ್ಲಿ ಕಮಲನಗರ ಸಿಗುತ್ತದಲ್ಲವೇ? ಉದಗೀರ, ನಿಲಂಗಾಗಳೂ ಬೀದರ ಜಿಲ್ಲೆಗೇ ಸೇರಿದ್ದ ಕಾಲವೊಂದಿತ್ತು. 1956ರಲ್ಲಿ ರಾಜ್ಯಗಳನ್ನು ಹಂಚಿದಾಗಲೇ ಅವು ಬೇರೆಯಾದುದು. ಆ ಕಮಲನಗರದಲ್ಲಿ ಹುಟ್ಟಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು, ನಿಜಾಮನ ರಾಜ್ಯದಲ್ಲಿ ಉರ್ದುವಿಗೇ ಮನ್ನಣೆಯಿದ್ದ ದಿನಗಳಲ್ಲಿ, ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1936ರಲ್ಲಿ ಅವರು ಕಟ್ಟಿದ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಇಂದೂ ನಡೆಯುತ್ತಿದೆ. ಅದೂ ಗುಟ್ಟೇ, ಆದರೆ ಮಕ್ಕಳಿಗಾಗಿ ಕಾಯ್ದ ಗುಟ್ಟು. ಅಧ್ಯಕ್ಷರ ಮನೆಯ ವ್ಯವಹಾರ, ಅವರ ಅನಾರೋಗ್ಯ, ಸಿಟ್ಟಿನಲ್ಲಿ ಅವರಾಡಿದ ಮಾತು, ಇವು ನಿನ್ನಲ್ಲೇ ಸಾಯಲಿ. ಮಕ್ಕಳ ಹೊಟ್ಟೆಗೆ ಅಥವಾ ಪಾಠಕ್ಕೆ ಬರಬೇಕಾದುದು ಬಾರದಂತೆ ಮುಚ್ಚಿಡುವ ಕಾಗದ ಯಾವುದಾದರೂ ನಿನ್ನ ಮುಂದೆ ಬಂದರೆ, ಅದನ್ನು ಮೊದಲು ಅವರೆದುರಿಗೆ ಓದಿ ಹೇಳು. ಅವರು ಕೇಳದಿದ್ದರೆ ಆ ಕುರ್ಚಿಯನ್ನು ಬಿಟ್ಟು ಬಾ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿಗೆ ಕೊರತೆಯಿಲ್ಲ.

ಸಣ್ಣ ಸಂಗತಿಗಳು ಎರಡು. ಕೆಟ್ಟ ಸುದ್ದಿಯ ಕಾಗದವನ್ನು ಕಡತದ ತಳಕ್ಕೆ ಸೇರಿಸಬೇಡ. ಬೆಳಗಿನ ಮೊದಲ ಚಹಾದೊಂದಿಗೆ ಮೇಲೆಯೇ ಇಡು. ದೂರದ ಶಾಲೆಯಿಂದ ಬಂದ ಶಿಪಾಯಿಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಮೊದಲು ಕೇಳಿ, ಕಾರಿನಲ್ಲಿ ಬಂದವರನ್ನು ಆಮೇಲೆ ಒಳಗೆ ಬಿಡು. ಕಾರಿನವರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ.

ಈ ಸೆಪ್ಟೆಂಬರ್ 30ಕ್ಕೆ ನಿನಗೂ ಪಟಸಂಖ್ಯೆಯ ಗಡಿಬಿಡಿ ಇದ್ದೇ ಇರುತ್ತದೆ. ಅದು ಮುಗಿದ ಮೇಲಿನ ಭಾನುವಾರ ಉಮರ್ಗಾದಿಂದ ಬೆಳಗಿನ ಎಸ್.ಟಿ. ಹಿಡಿದು ಸಾಸ್ತೂರಕ್ಕೆ ಬಾ. ಬರುವಾಗ ನಿನ್ನ ಆ ವಹಿಯನ್ನು ತಾ. ಒಳಗಿನ ವಿಷಯ ನನಗೆ ಬೇಡ, ದಿನಾಂಕಗಳನ್ನು ಬಿಡದೆ ಹಾಕಿದ್ದೀಯೋ ಇಲ್ಲವೋ ಎಂಬುದನ್ನು ಮಾತ್ರ ನೋಡಬೇಕು.